ಸೌಟಿನ ಸದ್ದು

ಬೇಸಿಗೆಯಲ್ಲಿ ಮೆಕಾಂಗ್ ನದಿ ಇಳಿದಾಗ ನಮ್ಮ ತೇಲುಮನೆಯನ್ನು ಬೌದ್ಧ ವಿಹಾರದ ಕೆಳಗಿನ ಮಡುವಿನ ಅಂಚಿಗೆ ಕಟ್ಟುತ್ತೇವೆ. ದಿನಾ ಬೆಳಿಗ್ಗೆ ಅನ್ನದ ಪಾತ್ರೆಗೆ ಸೌಟಿನಿಂದ ಮೂರು ಸಲ ಬಡಿದು, ತಳ ಹಿಡಿದ ಅನ್ನವನ್ನು ನೀರಿಗೆ ಕೆರೆಯುತ್ತಿದ್ದೆ. ಮೊದಮೊದಲು ಸಣ್ಣ ಮೀನುಗಳು ಬರುತ್ತಿದ್ದವು. ಮೂರು ಬೇಸಿಗೆಯ ಹಿಂದೆ ಕೊಲ್ರಿಯಾಂಗ್ ಮೀನು ಬಂತು.

ನನ್ನ ಮಗಳು ಮಾಲೀಸ್‌ಗಿಂತ ಉದ್ದ. ಅಂಗೈಯಗಲದ ಹುರುಪೆ, ಗುಡಾಣದಂಥ ತಲೆ. ಅಷ್ಟು ದೊಡ್ಡ ಬಾಯಿಯಲ್ಲಿ ಒಂದು ಹಲ್ಲೂ ಇಲ್ಲ. ಇರುವ ಹಲ್ಲೆಲ್ಲ ಗಂಟಲಿನಲ್ಲಿ. ಪಾಚಿ, ಉದುರಿದ ಹಣ್ಣು, ನನ್ನ ಸೀದ ಅನ್ನ, ಇಷ್ಟೇ ಊಟ. ಮಳೆಗಾಲದಲ್ಲಿ ಮುಳುಗಿದ ಕಾಡಿಗೆ ಹೋಗಿ, ನೀರಿಳಿದ ಮೇಲೆ ಇದೇ ಮಡುವಿಗೆ ಮರಳುತ್ತಿತ್ತು. ಆ ಬೊಚ್ಚುಬಾಯಿ ನೋಡಿ ಮಾಲೀಸ್ 'ಅಜ್ಜಿ' ಎಂದು ಹೆಸರಿಟ್ಟಳು.

ಈ ಗುಟ್ಟನ್ನು ತಮ್ಮ ಸಾರೂನ್‌ಗೆ ಮಾತ್ರ ಹೇಳಿದ್ದೆ. ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ತುತ್ತಿಟ್ಟು ಬೆಳೆಸಿದವಳು ನಾನು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೋ."

"ನಿಮ್ಮಜ್ಜಿ ನನಗೂ ಅಜ್ಜಿನೇ ಅಲ್ವೇನಕ್ಕ?" ಎಂದು ನಕ್ಕಿದ್ದ.

ಹೋದ ತಿಂಗಳು ಬಂದ. "ಅಕ್ಕ, ನಿನ್ನ ಅನ್ನದ ಪಾತ್ರೆ ಎರಡು ದಿನ ಕೊಡು. ಬಾಣಂತಿ ಹೆಂಡ್ತಿಗೆ ಮೆಣಸು ಹಾಕಿ ಹಂದಿಮಾಂಸ ಬೇಯಿಸ್ಬೇಕು."

"ನಿಮ್ಮನೇಲಿ ಪಾತ್ರೆಗೆ ಬರಗಾಲವೇನೋ?"

"ನಿನ್ನ ಪಾತ್ರೇಲಿ ಬೆಂದ್ರೇ ರುಚಿ."

ಉಬ್ಬಿಹೋಗಿ ಸೌಟನ್ನೂ ನಾನೇ ಕೊಟ್ಟೆ.

ಮರುದಿನ ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದಾಗ ಮಡುವಿನ ಆಚೆ ತುದಿಯಿಂದ ಮೂರು ಪೆಟ್ಟು ಕೇಳಿಸಿತು. ಮಾಲೀಸ್ ಎದ್ದು ನಿಂತಳು. "ಅಮ್ಮ, ನಮ್ಮ ಪಾತ್ರೆ ಅಲ್ವಾ ಅದು?"

ದೋಣಿ ಬಿಚ್ಚಿ ಹುಟ್ಟು ಹಾಕಿದೆ. ತಲುಪುವಷ್ಟರಲ್ಲಿ ಅಜ್ಜಿ ಎಳೆದಾಡಿ ಸೋತು, ಸಾರೂನನ ದೋಣಿಯ ಪಕ್ಕ ಮಗ್ಗುಲಾಗಿ ಬಿದ್ದಿದ್ದಳು. ತೌಡಿನ ಉಂಡೆಯೊಳಗೆ ಗಾಳ ಅಡಗಿಸಿದ್ದರು. ನೋಂ ಪೆನ್ ಪಟ್ಟಣದಿಂದ ಬಂದ ಸಾಹುಕಾರನೊಬ್ಬ ಗಾಳದ ಕೋಲು ಹಿಡಿದು ನಗುತ್ತಿದ್ದ.

"ಹೆದರ್ಬೇಡಕ್ಕ, ಫೋಟೋ ತೆಗ್ದು ಬಿಟ್ಬಿಡ್ತಾರೆ. ಒಂದು ಹುರುಪೆನೂ ಉದುರಲ್ಲ."

"ಬಾಣಂತಿ ಉಂಡಳೇನೋ?" ಎಂದೆ.

ಸಾರೂನ್ ಬಗ್ಗಿ ಅಜ್ಜಿಯ ತುಟಿಯಿಂದ ಗಾಳ ಕೀಳತೊಡಗಿದ.

ಅಜ್ಜಿಯನ್ನು ಬಿಟ್ಟರು. ಸಂಜೆ ಪಾತ್ರೆಯನ್ನು ಫಳಫಳ ತಿಕ್ಕಿ ತಂದುಕೊಟ್ಟ. "ಬೈದ್ಬಿಡಕ್ಕ, ಸುಮ್ನಿರ್ಬೇಡ. ಹೊಸವರ್ಷ ಕಳೆದ್ಮೇಲೆ ಇನ್ನೂ ಇಬ್ಬರು ಬರೋರಿದ್ದಾರೆ. ಆಗ್ಲೂ ಬಿಟ್ಬಿಡ್ತೀವಿ." ನಾನು ಪಾತ್ರೆಯನ್ನು ಒಳಗಿಟ್ಟು ಒಲೆ ಹಚ್ಚಿದೆ.

ಐದು ದಿನ ಬಿಟ್ಟು, ಬದುಕಿದ್ದಾಳೋ ಇಲ್ಲವೋ ನೋಡೋಣವೆಂದು ಬಡಿದೆ. ಬಂದಳು. ಮೇಲ್ದುಟಿ ಹರಿದಿತ್ತು. ಆದರೂ ಎಂದಿನಂತೆ ಬಾಯಿ ತೆರೆದಳು. ಪಾತ್ರೆ ಬಡಿದವರೆಲ್ಲ ಅವಳಿಗೆ ನಾನೇ. ಹೊಸವರ್ಷಕ್ಕೆ ಎಂಟೇ ದಿನ ಉಳಿದಿತ್ತು. ಅಷ್ಟರೊಳಗೆ ಅವಳು ಈ ಸದ್ದಿಗೆ ಹೆದರುವಂತಾಗಬೇಕಿತ್ತು.

ಹುಟ್ಟು ಎತ್ತಿ ಅವಳ ತಲೆಯ ಪಕ್ಕದ ನೀರಿಗೆ ಬಲವಾಗಿ ಅಪ್ಪಳಿಸಿದೆ. ಮರುದಿನವೂ ಬಡಿದು ಕರೆದೆ, ಬಂದಳು, ಅಪ್ಪಳಿಸಿದೆ. ಮೂರನೆಯ ದಿನ ಪೆಟ್ಟು ಬೆನ್ನಿಗೇ ಬಿತ್ತು. ಮಾಲೀಸ್ ಓಡಿಬಂದು ನನ್ನ ತೋಳು ಹಿಡಿದಳು.

"ಅಮ್ಮ, ನೀನೂನಾ?"

ನಾಲ್ಕನೆಯ ಬೆಳಿಗ್ಗೆ ಮೂರು ಸಲ ಬಡಿದೆ. ಇನ್ನೊಮ್ಮೆ ಬಡಿದೆ. ನೀರು ಅಲುಗಲಿಲ್ಲ. ಸೀದ ಅನ್ನವನ್ನು ನೆನೆಹಾಕಿ, ಬಾಚಣಿಗೆ ತೆಗೆದುಕೊಂಡು ಜಡೆ ಹಾಕಲು ಮಗಳನ್ನು ಕರೆದೆ. ಅವಳು ಬೆನ್ನು ತಿರುಗಿಸಿ ಕೂತಿದ್ದಳು, ಬರಲಿಲ್ಲ.