ಮುದ್ದು ಕೈ ಮುಗಿಯಲಿಲ್ಲ

"ಕೈ ಮುಗಿ ಅಂದ್ರೆ ಕೈ ಮುಗಿ. ಕಿವಿ ಕೇಳುದಿಲ್ವಾ ನಿಂಗೆ? ನಿನ್ನ ಯೇಸು ಎಂತ, ಮೇಲಿಂದ ಇಳಿದು ಬಂದು ಮಗಳಿಗೆ ಸೀಟು ಕೊಡ್ತಾನಾ?"

ವಿಲೇಜ್ ಅಕೌಂಟೆಂಟ್ ವಿನೀತ್ ಮುದ್ದುವಿನ ಅಂಗಳದಲ್ಲಿ ಮೊಬೈಲ್ ಎತ್ತಿ ಹಿಡಿದು ನಿಂತಿದ್ದ. ಬಾಗಿಲಿನ ಒಳಗಿನ ಗೋಡೆಯಲ್ಲಿ ಗಣಪತಿಯ ಫೋಟೋ, ಫೋಟೋಕ್ಕೆ ದಾಸವಾಳದ ಮಾಲೆ. ಅದರ ಕೆಳಗೆ ಮುದ್ದು ಎರಡು ಕೈಗಳನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು.

ಆ ಫೋಟೋ ನನ್ನದು. ಪಡೀಲಿನ ಹಿಂದಿನ ನಮ್ಮ ಕಾಲನಿಯಲ್ಲಿ ಹತ್ತು ಹದಿನೈದು ಮನೆಯವರು ಪ್ರಾರ್ಥನೆಗೆ ಹೋಗುವವರು. ಯಾರ ಮನೆಗೆ ಜಾತಿ ಸರ್ಟಿಫಿಕೇಟಿನ ತನಿಖೆ ಬರುತ್ತದೋ ಅವರು ಹಿಂದಿನ ದಿನವೇ ನನ್ನಲ್ಲಿಗೆ ಬಂದು, "ರಾಜೀವಕ್ಕ, ನಾಳೆಗೆ ಗಣಪತಿ ಖಾಲಿ ಉಂಟಾ?" ಎಂದು ಕೇಳುತ್ತಾರೆ. ಅದಕ್ಕೆಂದೇ ಎಲ್ಲರ ಗೋಡೆಯಲ್ಲೂ ಒಂದು ಮೊಳೆ ಹೊಡೆದಿದೆ. ಯೇಸುವಿನ ಕ್ಯಾಲೆಂಡರ್ ಚಾಪೆಯ ಅಡಿಗೆ, ಹಣೆಗೆ ಕುಂಕುಮ. ತನಿಖೆ ಮುಗಿದ ಮೇಲೆ ಗಣಪತಿ ನನ್ನ ಮನೆಗೆ, ಕ್ಯಾಲೆಂಡರ್ ಗೋಡೆಗೆ. ಕಾಲಕ್ಕೆ ತಕ್ಕ ಕೋಲ. ಗಣಪತಿಯೂ ಇದಕ್ಕೆ ಬೇಸರ ಮಾಡಿಕೊಂಡದ್ದಿಲ್ಲ.

ವಿನೀತನಿಗೂ ಇದು ಗೊತ್ತು. "ಈ ಗಣಪತಿಯನ್ನು ನಾನು ಈ ವರ್ಷ ಆರು ಮನೆಯಲ್ಲಿ ನೋಡಿದ್ದೇನೆ," ಎಂದು ನನ್ನ ಕಡೆ ನೋಡಿ ನಕ್ಕ. "ನನಗೆ ಎಂತ ಹೋಗ್ಲಿಕ್ಕುಂಟು? ಇವಳು ಕೈ ಮುಗಿದ ಒಂದು ಫೋಟೋ ಅಪ್‌ಲೋಡ್ ಆದ್ರೆ ಆಯ್ತು. ಇವರು ಮತಾಂತರ ಆಗಿದ್ದಾರೆ ಅಂತ ಯಾರೋ ಬೇವರ್ಸಿ ಅರ್ಜಿ ಹಾಕಿದ್ದಾನೆ. ಇಲ್ಲದಿದ್ರೆ ಈ ಬಿಸಿಲಿಗೆ ನಿಮ್ಮ ಕೇರಿಗೆ ಬರ್ಲಿಕ್ಕೆ ನನಗೇನು ಮರುಳಾ?"

ಮುದ್ದುವಿನ ಮಗಳು ಅಕ್ಷಿತಾಳಿಗೆ ಸರಕಾರಿ ನರ್ಸಿಂಗ್ ಸೀಟು ಸಿಕ್ಕಿತ್ತು, ಎಸ್‌ಸಿ ಕೋಟಾದಲ್ಲಿ. ಅವಳು ಆದಿದ್ರಾವಿಡ ಹೌದು ಎಂಬ ವರದಿ ಸೋಮವಾರದೊಳಗೆ ಹೋಗಬೇಕು. ಕ್ರೈಸ್ತರು ಎಂದು ಬರೆದರೆ ಆ ಜಾತಿ ಹೋಯಿತು. ಜಾತಿ ಹೋದರೆ ಸೀಟೂ ಹೋಯಿತು. ಕಾನೂನು ಹಾಗೆ ಇದೆಯಂತೆ. ಜಾತಿಯನ್ನು ಕಳೆದುಕೊಳ್ಳುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ ನಮ್ಮ ಅಜ್ಜಂದಿರೇ ಅದನ್ನು ಯಾವತ್ತೋ ತೊಲಗಿಸುತ್ತಿದ್ದರು.

"ಒಂದು ಗಳಿಗೆ ಮುಗಿ ಮಾರಾಯ್ತಿ," ಎಂದೆ ನಾನು. "ಹೋದ ಸಲ ಮುಗ್ದಿದ್ದಿಯಲ್ಲ?"

"ಆಗ ಇವರು ಇದ್ರು, ಅಕ್ಕ."

ಇವರು ಎಂದರೆ ಅವಳ ಗಂಡ ಮಾಯಿಲಪ್ಪ. ಕಂಕನಾಡಿಯ ಹತ್ತಿರ ಮ್ಯಾನ್‌ಹೋಲಿಗೆ ಇಳಿದವನು ಹೆಣವಾಗಿ ಮೇಲೆ ಬಂದ. ಆ ವಾಸನೆಗೆ ನಮ್ಮ ಗಂಡಸರೇ ಮೂಗು ಮುಚ್ಚಿಕೊಂಡು ದೂರ ನಿಂತರು. ನಾನೂ ದೂರವೇ ನಿಂತಿದ್ದೆ. ಪ್ರಾರ್ಥನಾ ಮನೆಯ ಸಾರಮ್ಮಬಾಯಿ, ಎಪ್ಪತ್ತು ದಾಟಿದ ಮುದುಕಿ, ಸೆರಗು ಕಟ್ಟಿ, ನೀರು ತರಿಸಿ ಅವನ ಮೈ ತೊಳೆದಳು. ಕಿವಿಯೊಳಗಿನ ಕೆಸರನ್ನು ಬಟ್ಟೆಯ ತುದಿಯಿಂದ ಒಂದೊಂದೇ ಚೂರು ತೆಗೆದಳು. ಆಮೇಲೆ ಮುದ್ದುವಿನ ಪಕ್ಕ ಮೂರು ದಿನ ಮಲಗಿದಳು.

ಅದಕ್ಕೆ ಮೊದಲು ಕ್ರಿಸ್ಮಸ್ಸಿಗೆ ಮಾತ್ರ ಹೋಗುತ್ತಿದ್ದ ಮುದ್ದು ಆಮೇಲೆ ಒಂದು ಆದಿತ್ಯವಾರವನ್ನೂ ತಪ್ಪಿಸಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಸತ್ತ ಮೇಲೆ ತೊಳೆಯಲು ಬಂದ ದೇವರು ಗುಂಡಿಗೆ ಇಳಿಯುವಾಗ ಎಲ್ಲಿಗೆ ಹೋಗಿದ್ದ ಎಂದು ಎಷ್ಟೋ ಸಲ ಜಗಳವಾಡಿದ್ದೇನೆ. "ನನಗೆ ಗೊತ್ತಿಲ್ಲ ಅಕ್ಕ. ಆದ್ರೆ ಅವ ನಮ್ಮನ್ನು ಬಿಡುದಿಲ್ಲ," ಎನ್ನುತ್ತಿದ್ದಳು.

ಅಡುಗೆಕೋಣೆಯಿಂದ ಅಕ್ಷಿತಾ ಹೊರಗೆ ಬಂದಳು. ಅತ್ತೂ ಅತ್ತೂ ಮುಖ ಊದಿತ್ತು.

"ಅಮ್ಮ, ನಿನ್ನ ಕಾಲು ಹಿಡೀತೇನೆ. ಒಂದೇ ಒಂದು ಸಲ. ನನಗೋಸ್ಕರ."

ಮುದ್ದುವಿನ ಕೈಗಳು ಸೆರಗಿನೊಳಗೆ ಅಲುಗಾಡಿದವು. ಮುಗಿಯುತ್ತಾಳೆ ಎಂದೇ ನಾನು ಅಂದುಕೊಂಡೆ.

"ನಿನ್ನ ಅಪ್ಪನನ್ನು ಯಾರೂ ಮುಟ್ಟದಾಗ ಮುಟ್ಟಿದವರು ಅವರು, ಮಗಾ. ಅವರ ದೇವರು ನನಗೆ ಗೊತ್ತೇ ಇಲ್ಲ ಅಂತ ಹೇಗೆ ಹೇಳುದು? ನನ್ನಿಂದ ಆಗುದಿಲ್ಲ. ನಿನ್ನನ್ನು ಕರ್ತ ನೋಡ್ಕೊಳ್ತಾನೆ."

"ನೋಡ್ಕೊಳ್ಳುದು ಬೇಡ! ನನಗೆ ಸೀಟು ಬೇಕು!"

ವಿನೀತ್ ಮೊಬೈಲ್ ಇಳಿಸಿ ನನ್ನ ಕಡೆ ತಿರುಗಿದ. ಅವನಿಗೂ ಸಾಕಾಗಿತ್ತು. "ಪಕ್ಕದ ಮನೆಯವಳು ನೀನು, ನೀನೇ ಹೇಳು. ಇವಳು ಪ್ರಾರ್ಥನೆಗೆ ಹೋಗ್ತಾಳಾ?"

"ಇಲ್ಲ ಸರ್. ಇಲ್ಲವೇ ಇಲ್ಲ."

ನಾಲಗೆಗೆ ಎಲುಬಿಲ್ಲ. ನನಗೆ ಇದು ಹೊಸತೂ ಅಲ್ಲ. ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು, ಅವನು ಪೆನ್ನನ್ನೂ ತೆಗೆದಿದ್ದ.

"ಹೋಗ್ತೇನೆ ಸರ್," ಎಂದಳು ಮುದ್ದು. "ಅಕ್ಕ ನನಗಾಗಿ ಸುಳ್ಳು ಹೇಳಿದ್ದು. ಆ ಫೋಟೋವೂ ಅವರದ್ದು. ನಾನು ಯೇಸುವಿನವಳು. ಬರೀರಿ."

"ಥೂ, ಬುದ್ಧಿಯಿಲ್ಲದ ರಂಡೆ! ಮಗಳ ಬಾಯಿಗೆ ನೀನೇ ಮಣ್ಣು ಹಾಕಿದಿ," ಎಂದ ವಿನೀತ್.

ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಬರೆದ. ಬರೆದದ್ದನ್ನು ದೊಡ್ಡದಾಗಿ ಓದಿದ. "ಇವರು ಕ್ರೈಸ್ತ ಮತವನ್ನು ಪಾಲಿಸುತ್ತಿರುವುದರಿಂದ ಆದಿದ್ರಾವಿಡ ಜಾತಿಗೆ ಸೇರಿದವರೆಂದು ಪರಿಗಣಿಸಲು ಬರುವುದಿಲ್ಲ." ಪೆನ್ನನ್ನು ನನ್ನ ಕಡೆ ಚಾಚಿದ. "ಸಾಕ್ಷಿ ಸಹಿ ಹಾಕು. ನಿನ್ನ ಮಗ ಅಮೃತನ ಸರ್ಟಿಫಿಕೇಟೂ ನನ್ನ ಟೇಬಲಿನಲ್ಲೇ ಉಂಟು, ನೆನಪಿರ್ಲಿ."

ನಾನು ಸಹಿ ಹಾಕಿದೆ. ಅಕ್ಷಿತಾ ನೋಡುತ್ತಿದ್ದಳು, ಆದರೂ ಹಾಕಿದೆ.

ಮುದ್ದು ಒಳಗೆ ಹೋದಳು. ತಿರುಗಿ ಬರುವಾಗ ಅವಳ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಬೆಲ್ಲದ ತುಂಡು ಇಟ್ಟ ತಟ್ಟೆ. ಮನೆಗೆ ಬಂದವರಿಗೆ ಕೊಡುವ ಬೆಲ್ಲ ನೀರು. ನಾವು ಆಫೀಸರುಗಳಿಗೆ ಅದನ್ನು ಕೊಡುವ ಧೈರ್ಯ ಮಾಡಿದವರಲ್ಲ.

"ತಕೊಳ್ಳಿ ಸರ್. ಬಿಸಿಲಿಗೆ ಬಂದಿದ್ದೀರಿ."

"ಬೇಡ ಬೇಡ. ಬರುವಾಗ ಸೀಯಾಳ ಕುಡಿದೆ."

"ಒಂದು ಗುಟುಕು. ನಾನು ಆ ಜಾತಿ ಅಲ್ಲ ಅಂತ ಈಗ ನೀವೇ ಬರೆದ್ರಲ್ಲ. ಇನ್ನು ಎಂತ ತೊಂದರೆ?"

ಅವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಲೋಟ ನೋಡಿದ, ಅವಳನ್ನು ನೋಡಿದ, ಅಂಗಳದ ಬೇಲಿಯ ಆಚೆ ನಿಂತ ಜನರನ್ನು ನೋಡಿದ. ಮುದ್ದು ಲೋಟವನ್ನು ಇನ್ನಷ್ಟು ಮುಂದೆ ಹಿಡಿದಳು.

"ತಲೆ ತಿನ್ಬೇಡ, ಹೋಗಾಚೆ," ಎಂದು ಬೈಕಿಗೆ ಕಿಕ್ ಹೊಡೆದ.

ಜನ ಸ್ವಲ್ಪ ನಕ್ಕರು. ನನಗೆ ನಗು ಬರಲಿಲ್ಲ. ಅವನು ನೀರು ಕುಡಿಯದೆ ಹೋದದ್ದನ್ನು ಬರೆಯಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಸೋಮವಾರ ಬಂತು, ಹೋಯಿತು. ಸೀಟು ಬೇರೆಯವರಿಗೆ ಹೋಯಿತೆಂದು ಮೊಬೈಲಿಗೆ ಮೆಸೇಜು ಬಂತು. ಅಕ್ಷಿತಾ ತಾಯಿಯ ಹತ್ತಿರ ಮಾತು ಬಿಟ್ಟಳು. ಮುದ್ದು ಆದಿತ್ಯವಾರ ಒಬ್ಬಳೇ ಪ್ರಾರ್ಥನೆಗೆ ಹೋಗಿ ಬಂದಳು.

ಮರುವಾರ ಬೆಳಿಗ್ಗೆ ಆರು ಗಂಟೆಗೆ ನಾವು ಗುಡಿಸುವವರು ಉರ್ವ ಮಾರ್ಕೆಟಿನ ಎದುರು ಹಾಜರಿಗೆ ನಿಂತಿದ್ದಾಗ ಮುದ್ದುವಿನ ಹಿಂದಿನಿಂದ ಅಕ್ಷಿತಾ ಬಂದಳು. ತಲೆಗೆ ಬಟ್ಟೆ ಕಟ್ಟಿದ್ದಳು. ಮುದ್ದು ದಿನಾ ಮಾಡುವಂತೆ ಕಣ್ಣು ಮುಚ್ಚಿ ತುಟಿ ಅಲುಗಿಸಿದಳು. ಮಗಳು ಕಣ್ಣು ತೆರೆದುಕೊಂಡೇ ನಿಂತಿದ್ದಳು.

ಕಂಟ್ರಾಕ್ಟರನ ಸೂಪರ್‌ವೈಸರ್ ಜಿತೇಶ್ ಅವಳನ್ನು ಒಂದು ಸಲ ನೋಡಿ, "ಮುದ್ದುವಿನ ಮಗಳಾ? ಆಯ್ತು, ಮೀನಿನ ಸಾಲು ನಿನಗೆ," ಎಂದು ಗುಡಿಸಲು ಹಿಡಿಸೂಡಿ ಕೊಟ್ಟ.

ಯಾವ ಸರ್ಟಿಫಿಕೇಟನ್ನೂ ಕೇಳಲಿಲ್ಲ.