ಅಂಬುಜಾಳಿಗೆ ಕೇಳುತ್ತಿದ್ದ ಸ್ವರ

"ಎಂತ ಮಾಣಿ, ಅಮ್ಮನ ಮೇಲೆ ಇಷ್ಟು ಸಿಟ್ಟಾ? ಸರಿಯಾಗಿ ಒಂದು ಮಾತಾಡದೆ ಹದಿನೈದು ದಿನ ಆಯ್ತಲ್ಲ!" ಕಾವಲಿಗೆ ನೀರು ಚಿಮುಕಿಸುತ್ತಲೇ ಅಂಬುಜಾ ಮಗನನ್ನು ಕೇಳಿದಳು. ಫೋನು ಕಸಿದಿಟ್ಟದ್ದಕ್ಕೆ ರೋಹಿತ್ ಮುನಿಸಿಕೊಂಡಿದ್ದಾನೆಂದು ಅವಳು ತಿಳಿದಿದ್ದಳು. ಹದಿಮೂರರ ಹುಡುಗ ತುಟಿ ಅಲ್ಲಾಡಿಸಿದ. ಗೊಣಗುತ್ತಿದ್ದಾನೆ, ಗೊಣಗಲಿ ಎಂದು ಅವಳೂ ಮುಖ ತಿರುಗಿಸಿದಳು. ಹಟದಲ್ಲಿ ಅವಳೇನು ಕಡಿಮೆಯವಳಲ್ಲ.

ಎಂಟು ವರ್ಷದ ಹಿಂದೆ ಬಂದ ತಲೆಸುತ್ತಿನ ಕಾಯಿಲೆ ಅವಳ ಕಿವಿಯಿಂದ ದಪ್ಪ ಸ್ವರಗಳನ್ನೆಲ್ಲ ಕಿತ್ತುಕೊಂಡು ಹೋಗಿತ್ತು. ಬಸ್ಸಿನ ಗುಡುಗುಡು ಇಲ್ಲ, ಗಂಡ ಮುರಾರಿಯ ಮಾತಿಲ್ಲ. ಸಣ್ಣ ಮಕ್ಕಳ ಸ್ವರ ಮಾತ್ರ ಚೊಕ್ಕವಾಗಿ ಕೇಳಿಸುತ್ತಿತ್ತು. ಹಾಗಾಗಿ ಪರವೂರಿನ ಲೇಕ್ ಮಾರ್ಕೆಟ್ಟಿನಲ್ಲಿರುವ ಅವರ ಪುಟ್ಟ ಹೋಟೆಲಿನಲ್ಲಿ ಸಂಜೆಯ ಕೆಲಸ ನಡೆಯುವ ರೀತಿಯೇ ಬೇರೆ. ಮುರಾರಿ ಹೊರಗಿನಿಂದ ಆರ್ಡರ್ ಕೂಗುವನು. ಶಾಲೆಯಿಂದ ಬಂದ ರೋಹಿತ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೇ ತನ್ನ ಎಳೆಯ ಸ್ವರದಲ್ಲಿ ಅಮ್ಮನಿಗೆ ದಾಟಿಸುವನು. ಮನೆಯಲ್ಲಿ ಅವಳ ಪಾಲಿಗೆ ಮಾತಾಡುವವನು ಅವನೊಬ್ಬನೇ.

ಇಷ್ಟು ದಿನ ಅರ್ಧಂಬರ್ಧ ಕೇಳಿದ್ದರಲ್ಲೇ ಹೇಗೋ ನಡೆದಿತ್ತು. ಆದರೆ ಆ ಸಂಜೆ ಮೂರು ಆರ್ಡರ್ ತಪ್ಪಿದವು. ಮುರಾರಿ ಒಳಬಂದು ಬಿಲ್ಲಿನ ಹಾಳೆಯ ಹಿಂದೆ ಬರೆದು ಅವಳ ಮುಂದೆ ಹಿಡಿದ: 'ಅವ ಮಾತು ಬಿಟ್ಟದ್ದಲ್ಲ. ಅವನ ಸ್ವರ ಒಡೆದು ದಪ್ಪ ಆಗಿದೆ. ಗಂಟಲು ಹರಿಯುವ ಹಾಗೆ ಕೂಗ್ತಾ ಇದ್ದಾನೆ.'

ಅಂಬುಜಾ ಅದನ್ನು ಎರಡು ಸಲ ಓದಿದಳು. ಹದಿನೈದು ದಿನ ಮಗ ಕರೆಯುತ್ತಲೇ ಇದ್ದ. ಅವಳು ಬೈಯುತ್ತಲೇ ಇದ್ದಳು.

ರೋಹಿತ್ ಕತ್ತು ಚಾಚಿ, ಉಸಿರು ಬಿಗಿಹಿಡಿದು, ಸ್ವರವನ್ನು ಹಿಂಡಿ ತೆಳ್ಳಗೆ ಮಾಡಿ ಕೂಗಿದ: "ಅಮ್ಮಾ, ದೋ ಮಸಾಲಾ, ಏಕ್ ಇಡ್ಲಿ!"

ಕೇಳಿತು! ಅವಳ ಮುಖ ಅರಳಿತು. ಆದರೆ ಹೊರಗಿನ ಮೇಜಿನಲ್ಲಿ ಅವನ ಕ್ಲಾಸಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಲ್ಲೊಬ್ಬ ಕೀರಲು ದನಿಯಲ್ಲಿ "ಅಮ್ಮಾ... ಅಮ್ಮಾ..." ಎಂದು ಅಣಕಿಸಿದ್ದು ಅವಳಿಗೂ ಕೇಳಿಸಿತು. ರೋಹಿತನ ಕಿವಿ ಕೆಂಪಾಯಿತು. ಆದರೂ ಮತ್ತೆ ಕೂಗಲು ಅವನು ಉಸಿರು ಎಳೆದುಕೊಂಡ.

"ಬೇಡ ಮಗಾ," ಎಂದಳು. "ನಿನ್ನ ಸ್ವರದಲ್ಲೇ ಮಾತಾಡು. ನಾನು ಬಾಯಿ ನೋಡಿ ತಿಳ್ಕೊಳ್ತೇನೆ."

ಅವನು ಮಾತಾಡಿದ. ತುಂಬ ಹೊತ್ತು ಮಾತಾಡಿದ. ಅದು ಆರ್ಡರ್ ಅಲ್ಲವೆಂಬುದಷ್ಟೇ ಅವಳಿಗೆ ತಿಳಿಯಿತು. ಕಾವಲಿಯ ಮೇಲಿನ ದೋಸೆ ಸೀಯುತ್ತಿತ್ತು. ಅಂಬುಜಾ ಎಲ್ಲವನ್ನೂ ಕೇಳಿಸಿಕೊಂಡವಳ ಹಾಗೆ ತಲೆಯಾಡಿಸುತ್ತ ನಿಂತಳು.