ತಳಿಯಲ್ಲಿ ಕಾರ್ಡು ನಡೆಯುತ್ತದೆಯೇ?

ಚಿಕ್ಕಹನುಮಯ್ಯನಿಗೆ ಕೇಳುವ ಚಟ. ಬೀಡಿ ಬಿಟ್ಟಿದ್ದ, ಇಸ್ಪೀಟು ಬಿಟ್ಟಿದ್ದ, ಇದೊಂದನ್ನು ಬಿಡಲು ಆಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನ ಊರು, ಬೆಳೆ, ಬೆಳೆಗೆ ಹೊಡೆದ ಔಷಧಿ ಎಲ್ಲ ತಿಳಿಯದೆ ಇಳಿದವನಲ್ಲ. ಬಿಡದಿಯ ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿದ್ದಾಗಲೂ ಮಿಷನ್ನು ಯಾಕೆ ನಿಂತಿತು, ಹೇಗೆ ಹೊರಟಿತು ಎಂದು ಕೇಳಿ ಕೇಳಿ ಸೂಪರ್‌ವೈಸರನ ತಲೆ ತಿನ್ನುತ್ತಿದ್ದ. ಅಂಥವನು ರಿಟೈರಾದರೆ ಏನಾಗಬೇಕೋ ಅದೇ ಆಯಿತು. ಕೇಳುವುದಕ್ಕೆ ಇಡೀ ದಿನ ಸಿಕ್ಕಿತು.

ಬೈರಮಂಗಲದ ಕಡೆಯಿದ್ದ ಅವನ ಹೊಲ ಕೈಗಾರಿಕೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ಆನೇಕಲ್ ದಾಟಿ, ತಮಿಳುನಾಡಿನ ತಳಿ ಹತ್ತಿರ, ಗಡಿಯ ಮಗ್ಗುಲಲ್ಲೇ ಅಗ್ಗಕ್ಕೆ ಸಿಕ್ಕ ಜಮೀನು ಕೊಂಡಿದ್ದ. ಬಾವಿ ಇತ್ತು, ಕೆಮ್ಮಣ್ಣು ಚೆನ್ನಾಗಿತ್ತು, ಸುತ್ತಮುತ್ತಲಿನವರು ಕನ್ನಡವನ್ನೇ ಆಡುತ್ತಿದ್ದರು. ಅಲ್ಲಿ ಎರಡು ಕೋಣೆ ಎಬ್ಬಿಸಿ, ಹೆಂಡತಿ ಅಂಬುಜಮ್ಮನೂ ತಾನೂ ರಾಗಿ, ಸೇವಂತಿಗೆ ಬೆಳೆದುಕೊಂಡು ಇರಬೇಕೆಂಬುದು ಅವನ ಆಸೆ. "ಹೊಗೆ ಇಲ್ದಿರೋ ಜಾಗ ಕಣಮ್ಮಿ, ನಿನ್ನ ಉಸಿರಿಗೂ ಒಳ್ಳೇದು" ಎಂದು ಹೆಂಡತಿಗೆ ಹೇಳಿದ್ದ.

ಅಂಬುಜಮ್ಮನಿಗೆ ಉಬ್ಬಸ. ರಾಮನಗರದಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಡೆ ವರ್ಷಗಟ್ಟಲೆ ಆವಿಗೆ ಮುಖವೊಡ್ಡಿ ಕೂತದ್ದಕ್ಕೆ ಸಿಕ್ಕ ಬಳುವಳಿ ಅದು. ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ಪಂಪು, ಮಾತ್ರೆ, ಜೋರಾದರೆ ಇಂಜೆಕ್ಷನ್ನು, ಎಲ್ಲವೂ ಗಂಡನ ಫ್ಯಾಕ್ಟರಿ ವಿಮೆಯ ಇಎಸ್‌ಐ ಕಾರ್ಡಿನ ಮೇಲೆ ರಾಮನಗರದ ಡಿಸ್ಪೆನ್ಸರಿಯಲ್ಲಿ ಸಿಗುತ್ತಿದ್ದವು. ರಿಟೈರಾದ ಮೇಲೂ ವರ್ಷಕ್ಕೊಮ್ಮೆ ಒಂದಿಷ್ಟು ಕಟ್ಟಿದರೆ ಗಂಡಹೆಂಡಿರಿಬ್ಬರಿಗೂ ಆ ಕಾರ್ಡು ನಡೆಯುತ್ತಿತ್ತು. ಅದಿಲ್ಲದೆ ಅವಳು ಒಂದು ಚಳಿಗಾಲ ದಾಟುವುದೂ ಅನುಮಾನ.

"ಕಾರ್ಡು ಅಲ್ಲಿ ನಡೀತದಾ?" ಎಂದು ಕೇಳಿದಳು ಅಂಬುಜಮ್ಮ. "ಅದೊಂದ ತಿಳ್ಕಂಡ್ ಬನ್ನಿ. ಆಮೇಲೆ ನೋಡವ."

ಕೇಳುವ ಚಟದವನಿಗೆ ಇದಕ್ಕಿಂತ ಇನ್ನೇನು ಬೇಕು? ಮಾರನೆಯ ಬೆಳಿಗ್ಗೆಯೇ ಮನೆ ಹತ್ತಿರದ ಬಿಡದಿಯ ಟೀ ಅಂಗಡಿಯಲ್ಲಿ ವಿಷಯ ಬಿಚ್ಚಿದ. ಫ್ಯಾಕ್ಟರಿಯಲ್ಲಿ ಜೊತೆಗಿದ್ದ ವಹಾಬ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. "ಗಡಿ ದಾಟಕ್ಕೆ ಬಸ್ಸಿಗೇ ಪರ್ಮಿಟ್ ಬೇಕು. ಕಾರ್ಡಿಗೆ ಬ್ಯಾಡ್ವೇನ್ಲಾ? ನಡೆಯಲ್ಲ ಹೋಗು."

ಮಾತು ಚಿಕ್ಕಹನುಮಯ್ಯನಿಗೆ ನಾಟಿತು. ಆದರೆ ಹಾಗೆಂದು ಸುಮ್ಮನಾಗುವ ಜಾಯಮಾನ ಅವನದಲ್ಲ. ಕಾರ್ಡು ಗಡಿ ದಾಟದಿದ್ದರೆ ಬೇಡ, ಗಡಿಯ ಈಚೆಗೇ ಮನೆ ಕಟ್ಟಿದರಾಯಿತು. ಜಮೀನಿನ ಜೊತೆ ಕೊಂಡಿದ್ದ ಒಂದು ಕಲ್ಲುಮರಡಿಯ ತುಂಡು ಕರ್ನಾಟಕದ ಕಡೆಗೆ ಸೇರಿತ್ತು. ಆದರೆ ಕರ್ನಾಟಕ ಎಲ್ಲಿ ಮುಗಿಯುತ್ತದೆ?

ಅದಕ್ಕೂ ಅವನೊಂದು ಉಪಾಯ ಕಂಡುಕೊಂಡ. ಬೇರೆ ರಾಜ್ಯಕ್ಕೆ ಕಾಲಿಟ್ಟರೆ ಅವನ ಮೊಬೈಲಿನ ಮೂಲೆಯಲ್ಲಿ ಪುಟ್ಟ ತ್ರಿಕೋನ ಮೂಡುತ್ತಿತ್ತು, ರೋಮಿಂಗಿನ ಗುರುತು. ಸರಿ, ತಳಿಗೆ ಹೋಗಿ ಮೊಬೈಲನ್ನು ಮುಖದ ಮುಂದೆ ಹಿಡಿದು ಹೊಲದಲ್ಲಿ ನಡೆದ. ಬಾವಿಯ ಬಳಿ ತ್ರಿಕೋನ ಇತ್ತು, ಹುಣಸೆಮರದ ಬಳಿ ಮಾಯವಾಯಿತು. ಸಂತೋಷಕ್ಕೆ ಪಾರವಿಲ್ಲ. ಅಲ್ಲಿಂದಲೇ ಕಲ್ಲು ನೆಟ್ಟು ಅಡಿಗೆಮನೆ ಎಲ್ಲಿ, ಮಲಗುವುದೆಲ್ಲಿ ಎಂದು ಗೆರೆ ಎಳೆಯತೊಡಗಿದ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಮುದುಕಿ ಇವನನ್ನು ಬಹಳ ಹೊತ್ತು ನೋಡಿದಳು.

"ಏನಪ್ಪ, ನೀರು ಹುಡುಕ್ತಿದ್ದೀಯಾ?"

"ಇಲ್ಲ ಕಣವ್ವ, ಕರ್ನಾಟಕ ಹುಡುಕ್ತಾ ಇವ್ನಿ."

ಮುದುಕಿ ನಕ್ಕಳು. "ಫೋನು ನಂಬ್ಕಂಡು ಮನೆ ಕಟ್ಟೀಯಾ. ಮೋಡ ಆದ್ರೆ ನಮ್ ಫೋನು ಅಡಿಗೆಮನೇಲಿ ಒಂದ್ ರಾಜ್ಯ, ಜಗುಲೀಲಿ ಒಂದ್ ರಾಜ್ಯ ತೋರಿಸ್ತದೆ. ಸರ್ವೆ ಕಲ್ಲು ಅಗೋ ಅಲ್ಲೈತೆ." ಅವಳು ತೋರಿಸಿದ್ದು ಹುಣಸೆಮರಕ್ಕಿಂತ ಎಷ್ಟೋ ಆಚೆ, ಕರ್ನಾಟಕದ ಪಾಲಿಗೆ ಬಂದದ್ದು ಬರಿಯ ಬಂಡೆ. ಅಲ್ಲಿ ಮನೆಯಿರಲಿ, ಮೇಕೆ ಕಟ್ಟುವುದೂ ಕಷ್ಟ.

ಪೆಚ್ಚಾಗಿ ಬಂದವನು ಕೊನೆಗೆ, ಮೊದಲೇ ಹೋಗಬೇಕಾಗಿದ್ದ ಕಡೆಗೆ ಹೋದ. ರಾಮನಗರದ ಇಎಸ್‌ಐ ಆಫೀಸಿನಲ್ಲಿ ಜಯಕುಮಾರ್ ಎಂಬ ಗುಮಾಸ್ತ ಬಂಡೆ, ಹುಣಸೆಮರ, ತ್ರಿಕೋನ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ.

"ಯಜಮಾನ್ರೇ, ಇಷ್ಟೆಲ್ಲ ಸರ್ಕಸ್ ಬೇಡ. ಈ ವಿಮೆ ದೇಶಕ್ಕೆಲ್ಲ ಒಂದೇ. ಮನೆ ಬದಲಾದ್ರೆ ಡಿಸ್ಪೆನ್ಸರಿ ಬದಲಾಗುತ್ತೆ, ಅಷ್ಟೆ. ಹೊಸ ವಿಳಾಸ ತೋರಿಸಿ ಅರ್ಜಿ ಕೊಡಿ, ಹೊಸೂರು ಕಡೆಗೆ ವರ್ಗ ಮಾಡಿಸ್ಕೋಬಹುದು."

"ಇಲ್ಲೂ ಬಂದು ಔಷಧಿ ಈಸ್ಕಬೋದಾ?"

"ಇಲ್ಲಿ ಬಿಟ್ಟ ಹಾಗೆ. ಒಂದು ಸಂಸಾರಕ್ಕೆ ಒಂದು ಡಿಸ್ಪೆನ್ಸರಿ. ದೊಡ್ಡಾಸ್ಪತ್ರೆಗೆ ಕಳಿಸೋದಾದ್ರೂ ಅಲ್ಲಿನ ಡಾಕ್ಟ್ರೇ ಬರೆದು ಕಳಿಸ್ತಾರೆ."

"ಬಸ್ಸು ಗಡೀಲಿ ಕೆಟ್ಟು ನಿಂತಾಗ ಉಬ್ಬಸ ಬಂದ್ರೆ?"

"ಪಂಪು ಜೇಬಲ್ಲಿರಲಿ" ಎಂದ ಜಯಕುಮಾರ್. ಚಿಕ್ಕಹನುಮಯ್ಯನಿಗೆ ಆ ಉತ್ತರ ಬಹಳ ಹಿಡಿಸಿತು.

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಹೇಳಿದ. "ನಡೀತದೆ ಕಣಮ್ಮಿ. ಪಂಪು, ಮಾತ್ರೆ, ಇಂಜೆಕ್ಷನ್ನು, ಎಲ್ಲ ನಡೀತದೆ. ಹೊಸೂರಲ್ಲಿ ಈಸ್ಕಬೋದು."

ಅಂಬುಜಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಂತಿತು. ಕೇಳಿಸಲಿಲ್ಲವೇನೋ ಎಂದು ಇವನು ಇನ್ನೊಂದು ಸಲ ಹೇಳಿದ.

"ಕೇಳ್ಸ್ತು" ಎಂದಳು. "ನಡೆಯಲ್ಲ ಅಂತ ಬರ್ತೀರ ಅಂದ್ಕಂಡಿದ್ದೆ."

"ಯಾಕೆ, ನಿಂಗೆ ಬರಕ್ಕೆ ಮನಸಿಲ್ವಾ?"

"ಕಾರ್ಡು ಬರ್ತದಾ ಅಂತ ಊರ್ನೆಲ್ಲ ಕೇಳ್ದ್ರಿ. ನಾನು ಬತ್ತೀನಾ ಅಂತ ಕೇಳ್ಲಿಲ್ವಲ್ಲ."

ಚಿಕ್ಕಹನುಮಯ್ಯ ಗೋಡೆಗೊರಗಿ ಕೂತ. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ನಾಚಿಕೆ ಬಂತು. ಆಮೇಲೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ, ತಿಳಿಯಬೇಕೆಂಬ ಆಸೆ ಬಂತು. "ಇಲ್ಲಿ ನಿಂಗೆ ಏನೈತೆ, ಹೇಳು" ಎಂದು ಮೆಲ್ಲಗೆ ಕೇಳಿದ.

ಅವಳು ಹೇಳಿದಳು. ಕರೀಮುನ್ನೀಸಾ ಇದ್ದಾಳೆ. ನೂಲು ತೆಗೆಯುವಾಗ ಪಕ್ಕದಲ್ಲೇ ಕೂರುತ್ತಿದ್ದವಳು, ಅವಳಿಗೂ ಅದೇ ಉಬ್ಬಸ, ಅವಳದೂ ಗಂಡನ ಕಾರ್ಡು. ತಿಂಗಳಿಗೊಂದು ಮಂಗಳವಾರ ಇಬ್ಬರೂ ಡಿಸ್ಪೆನ್ಸರಿಯಲ್ಲಿ ಸೇರುತ್ತಾರೆ. ಸೊಸೆಯ ಸುದ್ದಿ, ಸತ್ತವರ ಸುದ್ದಿ, ಯಾರಿಗೂ ಹೇಳದ್ದು, ಎಲ್ಲ ಅಲ್ಲೇ. ಹೋದ ವರ್ಷ ಕ್ಯೂನಲ್ಲಿ ತನಗೆ ಉಸಿರು ಕಟ್ಟಿದಾಗ ಅವಳು ಬೆನ್ನು ನೀವುತ್ತ, "ನನ್ ಜೊತೆ ಉಸಿರಾಡೇ, ನನ್ ಜೊತೆ" ಎನ್ನುತ್ತಲೇ ಇದ್ದಳಂತೆ.

"ಪಂಪು ಹೊಸೂರಲ್ಲೂ ಸಿಕ್ತದೆ" ಎಂದಳು ಅಂಬುಜಮ್ಮ. "ಅವಳು ಸಿಕ್ಕಲ್ವಲ್ಲ."

ಆ ರಾತ್ರಿ ಅವನು ತಳಿಯ ಕೆಂಪು ಮಣ್ಣನ್ನು ನೆನೆಯುತ್ತ ಬಹಳ ಹೊತ್ತು ಹೊರಳಾಡಿದ.

ಆ ತಿಂಗಳ ಮಂಗಳವಾರ ಅವನೂ ಅವಳ ಜೊತೆ ರಾಮನಗರದ ರೈಲು ಹತ್ತಿದ. ಡಿಸ್ಪೆನ್ಸರಿಯ ಬೆಂಚಿನ ಮೇಲೆ ಕರೀಮುನ್ನೀಸಾ ಆಗಲೇ ಕೂತಿದ್ದಳು. ಅಂಬುಜಮ್ಮನನ್ನು ಪಕ್ಕಕ್ಕೆ ಎಳೆದುಕೊಂಡು ಇವನ ಕಡೆ ನೋಡಿದಳು. ಅವಳ ಕಣ್ಣು ಊದಿತ್ತು.

"ಹೊರಟೇ ಬುಟ್ರಾ ಅಣ್ಣಾ? ಊರೆಲ್ಲ ಅದೇ ಮಾತು. ಕಾರ್ಡು ಅಲ್ಲೂ ನಡೀತದಾ?"

ಅಂಬುಜಮ್ಮ ತಲೆ ತಗ್ಗಿಸಿದಳು. ಗಂಡನನ್ನು ತಡೆದು ನಿಲ್ಲಿಸಿದವಳು ಎಂದು ಊರು ಆಡಿಕೊಳ್ಳುವುದನ್ನು ಅವಳು ಹೇಗೆ ತಾಳಿಯಾಳು ಎಂಬುದು ಚಿಕ್ಕಹನುಮಯ್ಯನಿಗೆ ಆಗ ಹೊಳೆಯಿತು. ಕೇಳಿ ತಿಳಿದದ್ದನ್ನು ತಪ್ಪಿಲ್ಲದೆ ನಾಲ್ಕು ಜನಕ್ಕೆ ಹೇಳುವುದು ಅವನಿಗಿದ್ದ ಒಂದೇ ಹೆಮ್ಮೆ. ಅದನ್ನೂ ಆ ಹೊತ್ತು ಬಿಟ್ಟ.

"ಎಲ್ಲಿ ನಡೀತದಮ್ಮ" ಎಂದ. "ವಿಚಾರಿಸ್ದೆ. ಗಡಿ ದಾಟಲ್ವಂತೆ. ಜಮೀನು ಗುತ್ತಿಗೆಗೆ ಕೊಟ್ಬುಡ್ತೀನಿ, ನಾವು ಎಲ್ಲೂ ಹೋಗಂಗಿಲ್ಲ."

ಕರೀಮುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡು, ಸರ್ಕಾರಕ್ಕೆ ಒಳ್ಳೆಯದಾಗಲಿ ಎಂದಳು. ಅಂಬುಜಮ್ಮ ಗಂಡನ ಮುಖ ನೋಡಿದಳು, ತುಸು ಸರಿದು ಬೆಂಚಿನಲ್ಲಿ ಅವನಿಗೂ ಜಾಗ ಬಿಟ್ಟಳು.